ಕೂದಲೆಳೆಯಷ್ಟು ಮೇಲಕ್ಕೆ

ಆ ದಿನಗಳಲ್ಲಿ ಮಧ್ಯಾಹ್ನ ಪಾಳಿಗೆ ಬಂದು ಕೂತೊಡನೆ ನಾನು ಮಾಡುತ್ತಿದ್ದ ಮೊದಲ ಕೆಲಸ, ಜರುಗಿ ಹೋದ ರೇಡಿಯೊವನ್ನು ಮತ್ತೆ ಅದರ ಜಾಗಕ್ಕೆ ತಂದು ಕೂರಿಸುವುದು. ಬೆಳಗಿನ ಪಾಳಿ ನಮ್ಮ ಮಾವನದು. ಅವರು ಎದ್ದು ಹೋದ ಮೇಲೆ ಹೆಡ್‌ಫೋನ್ ಏರಿಸಿಕೊಂಡರೆ, ಸಮುದ್ರದ ಮೇಲಿದ್ದ ಗಂಡಸರೆಲ್ಲ ಗುಡಾಣದೊಳಗೆ ತಲೆ ಹಾಕಿಕೊಂಡು ಮಾತಾಡುತ್ತಿರುವ ಹಾಗೆ ಕೇಳುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲಿನ ತರಂಗದ ಅಂಕಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ ಮತ್ತೆ ಮನುಷ್ಯರ ದನಿ. ನಾಳೆ ಬಂದು ನೋಡಿದರೆ ಮತ್ತದೇ ಗುಡಾಣ. ಅಡುಗೆ, ಬಟ್ಟೆ, ನೆಲ ಒರೆಸುವುದು ಎಲ್ಲ ಮುಗಿಸಿ ಆ ಕಬ್ಬಿಣದ ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ನನ್ನ ಜೀವ ಅರ್ಧ ಆಗಿರುತ್ತಿತ್ತು. ಅದರ ಮೇಲೆ ಇದೊಂದು ಶನಿ.

ನಮ್ಮ ರೇಡಿಯೊ ಕೋಣೆ ಇರುವುದು ಬಂದರಿನ ಐಸ್ ಫ್ಯಾಕ್ಟರಿಯ ಮೇಲ್ಮಹಡಿಯಲ್ಲಿ. ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಬೆಂಚು, ಉಪ್ಪುಗಾಳಿಗೆ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುವ ಕಿಟಕಿ. ಕೆಳಗೆ ಕಂಪ್ರೆಸರ್ ಓಡತೊಡಗಿದರೆ ಲೋಟದಲ್ಲಿನ ನೀರು ನಡುಗುತ್ತದೆ. ಕೆಲಸ ಹೇಳಲಿಕ್ಕೆ ಸುಲಭ. ಮೊಬೈಲ್ ಸಿಗದಷ್ಟು ದೂರ ಹೋಗುವ ದೋಣಿಗಳು ಗೊತ್ತಾದ ಹೊತ್ತಿಗೆ ರೇಡಿಯೊದಲ್ಲಿ ಹಾಜರಿ ಹೇಳುತ್ತವೆ: ಎಲ್ಲಿದ್ದೇವೆ, ಹೇಗಿದ್ದೇವೆ, ಗಾಳಿ ಹೇಗಿದೆ. ನಾವು ದಡ. ಹಾಜರಿ ಮುಗಿದರೆ ದೋಣಿಯವರು ಬಲೆಯ ಕೆಲಸಕ್ಕೆ ಹೋಗುತ್ತಾರೆ, ಇಂಜಿನ್ ಸದ್ದಿನಲ್ಲಿ ಸೆಟ್ಟಿನ ಕಡೆ ಯಾರಿಗೂ ಗಮನ ಇರುವುದಿಲ್ಲ. ಸದಾ ಕೇಳುತ್ತ ಕೂರುವುದು ದಡ ಮಾತ್ರ. ಯಾರಾದರೂ ಕಷ್ಟದಲ್ಲಿ ಕರೆದರೆ ನಾವು ಒಂದು ಗುಂಡಿ ಒತ್ತುತ್ತೇವೆ, ಎಲ್ಲ ದೋಣಿಗಳ ಸೆಟ್ಟೂ ಕಿರುಚಿಕೊಳ್ಳುತ್ತದೆ, ಹತ್ತಿರ ಇದ್ದವನು ಓಡುತ್ತಾನೆ. ನಾವು ಕೇಳಿಸಿಕೊಳ್ಳದಿದ್ದರೆ ಅವರು ಕರೆದದ್ದು ಬರೀ ಗಾಳಿಗೆ. ಆ ದೋಣಿಗಳಲ್ಲೊಂದರ ಚುಕ್ಕಾಣಿ ಹಿಡಿಯುವವರು ನನ್ನ ಗಂಡ. ಹಾಗಾಗಿ ನನಗೆ ಇದು ಬರೀ ಸಂಬಳದ ಕೆಲಸ ಆಗಿರಲಿಲ್ಲ.

ಮಾವ ಈ ಕುರ್ಚಿಯಲ್ಲಿ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವರು. ಬಂದರಿನಲ್ಲಿ ಅವರಿಗೆ ದಡದಜ್ಜ ಅಂತಲೇ ಹೆಸರು. ಬಿರುಗಾಳಿಯ ನಡುವೆ ಸೊಳ್ಳೆಯಷ್ಟು ದನಿ ಬಂದರೂ ಇಂಥ ದೋಣಿಯ ಇಂಥವನು ಅಂತ ಹೇಳಿಬಿಡುತ್ತಿದ್ದರಂತೆ. ಅವರ ಜೊತೆಗಿದ್ದವನು ಕೆಲಸ ಬಿಟ್ಟಾಗ “ಹೊರಗಿನವರು ಬೇಡ, ನಮ್ಮ ಸೊಸೆಗೇ ಕಲಿಸ್ತೀನಿ” ಅಂದವರೂ ಅವರೇ. ಕಲಿಸಿದರು, ಚೆನ್ನಾಗಿಯೇ ಕಲಿಸಿದರು, ಇಲ್ಲ ಅಂದರೆ ಬಾಯಲ್ಲಿ ಹುಳ ಬೀಳುತ್ತದೆ. ಮನೆಯಲ್ಲಿ ಮಾತ್ರ ಆ ಮಹಾ ಕಿವಿಗೆ ಪುರುಸೊತ್ತಿಲ್ಲ. ಹಿಂದಿನಿಂದ “ಮಾವ, ಊಟಕ್ಕೆ ಬನ್ನಿ” ಅಂದರೆ ಹ್ಞೂಂ ಇಲ್ಲ, ಉಹೂಂ ಇಲ್ಲ. ಎದುರಿಗೆ ಹೋಗಿ ನಿಂತು ಹೇಳಿದರೆ ಮಾತ್ರ ತಲೆ ಎತ್ತಿ ನೋಡುತ್ತಾರೆ. ಸೊಸೆ ಅನ್ನುವವಳು ಎದುರಿಗೆ ಬಂದು ಕೈಕಟ್ಟಿ ನಿಂತೇ ಮಾತಾಡಬೇಕು ಅನ್ನುವ ಬಿಗುಮಾನ ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. “ನನಗೂ ಸುಸ್ತಾಗುತ್ತೆ ಮಾವ” ಅಂತ ಅಡುಗೆಮನೆಯಿಂದ ಎಷ್ಟು ಸಲ ಅಂದಿದ್ದೇನೋ, ಗೋಡೆಗೆ ಹೇಳಿದ ಹಾಗೆ.

ಹಳೆಯ ಸೆಟ್ಟಿನ ಕೇಳುವ ಭಾಗ ಸತ್ತು ಹೋದಾಗ ದೋಣಿ ಸಂಘದ ಕಾರ್ಯದರ್ಶಿ ಹೊಸದೊಂದು ವ್ಯವಸ್ಥೆ ತಂದಿಟ್ಟರು. ಬೆರಳುದ್ದದ ಒಂದು ಕಡ್ಡಿ. ಅದರ ಒಂದು ತುದಿ ಮಾಳಿಗೆಯ ಆಂಟೆನಾಕ್ಕೆ, ಇನ್ನೊಂದು ತುದಿ ಕಂಪ್ಯೂಟರಿಗೆ. ಉಳಿದ ರೇಡಿಯೊ ಎಲ್ಲ ಕಂಪ್ಯೂಟರಿನ ಸಾಫ್ಟ್‌ವೇರಿನೊಳಗೇ. ಹಳೆಯ ಸೆಟ್ಟು ಈಗ ಮಾತಾಡಲಿಕ್ಕೆ ಮಾತ್ರ. ಪರದೆಯ ಮೇಲೆ ನೀಲಿ ಬಣ್ಣ ಮೇಲಿನಿಂದ ಕೆಳಗೆ ಜಾರುತ್ತ ಇರುತ್ತದೆ. ಯಾರಾದರೂ ಮಾತಾಡಿದರೆ ಆ ನೀಲಿಯ ನಡುವೆ ಹಳದಿ ಗೀರು ಮೂಡುತ್ತದೆ. ಕಿವಿಗಿಂತ ಮೊದಲು ಕಣ್ಣಿಗೆ ಗೊತ್ತಾಗುತ್ತದೆ.

“ಕಣ್ಣಲ್ಲಿ ಕೇಳೋ ರೇಡಿಯೊ ನನಗೆ ಬೇಡಪ್ಪ,” ಅಂದರು ಮಾವ. ತಮ್ಮ ಪಾಳಿಯಲ್ಲಿ ಪರದೆಯನ್ನು ಓರೆ ಮಾಡಿ ಕಿಟಕಿ ಕಡೆ ತಿರುಗಿಸಿಡುತ್ತಿದ್ದರು. ಮೌಸಿನ ಗಾಲಿಯೊಂದು ಕೈಯಲ್ಲಿದ್ದರೆ ಅವರಿಗೆ ಸಾಕು.

ಮೊದಲು ಕೆಲವು ವಾರ ಗದ್ದಲದ ಜೊತೆ ಗುದ್ದಾಟವೇ ಆಯಿತು. ಕಡ್ಡಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು, ಬೇಕಾದ್ದೊಂದನ್ನು ಬಿಟ್ಟು. ಟ್ಯೂಬ್‌ಲೈಟ್ ಹಾಕಿದರೆ ಗುಯ್, ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಚರಚರ, ಕೆಳಗೆ ಮೋಟರ್ ಶುರುವಾದರೆ ಪರದೆಯ ತುಂಬ ಬರೆ ಎಳೆದ ಹಾಗೆ ಗೀಟುಗಳು. ಕಾರ್ಯದರ್ಶಿ ಉತ್ಸಾಹದಿಂದ ಒಂದು ಆಂಪ್ಲಿಫೈಯರ್ ತಂದು ಮಧ್ಯೆ ಸಿಕ್ಕಿಸಿದರು. ಗದ್ದಲ ದಪ್ಪವಾಯಿತೇ ಹೊರತು ದೋಣಿಗಳ ದನಿ ಅದರಡಿಯಲ್ಲಿ ಹೂತೇ ಹೋಯಿತು. ಕೊನೆಗೆ ನಾನೇ ಅದನ್ನು ಕಿತ್ತು ಹಾಕಿ, ಕಡ್ಡಿ ಸದ್ದನ್ನು ಹಿಗ್ಗಿಸುವ ಗೇನ್ ಇಳಿಸಿದೆ. ಮಾಳಿಗೆ ಹತ್ತಿ ಆಂಟೆನಾದ ತಂತಿಯನ್ನು ಮೋಟರಿನ ತಲೆ ಮೇಲಿಂದ ಆಚೆಗೆ ಎಳೆದು ಕಟ್ಟಿದೆ. ಕೇಬಲ್ಲಿಗೆ ಗದ್ದಲ ತಡೆಯುವ ಕಪ್ಪು ಕಾಂತದ ಬಳೆಗಳನ್ನು ತೊಡಿಸಿದೆ. ಟ್ಯೂಬ್‌ಲೈಟ್ ತೆಗೆಸಿ ಹಳೇ ಬಲ್ಬು ಹಾಕಿಸಿದೆ. ಹೆಗಲು ಬಿದ್ದು ಹೋಯಿತು, ಆದರೆ ಪರದೆಯ ನೀಲಿ ತಿಳಿಯಾಯಿತು, ಹಿಂದೆಂದೂ ಬರದಷ್ಟು ದೂರದ ದೋಣಿಗಳೂ ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಬಂದವು.

“ಹೇಗಿದೆ ಮಾವ?” ಅಂತ ಎದುರಿಗೆ ನಿಂತು ಕೇಳಿದೆ.

“ಪರವಾಗಿಲ್ಲ,” ಅಂದರು. “ಇನ್ನೂ ಸ್ವಲ್ಪ ತೆಳುವಾಗಿದೆ.”

ತೆಳುವಂತೆ! ಬೆನ್ನುಮೂಳೆ ಮುರಿದುಕೊಂಡು ಕೆಲಸ ಮಾಡಿದವಳಿಗೆ ಸಿಕ್ಕ ಬಹುಮಾನ ಅದು.

ಆಮೇಲೆ ಶುರುವಾದದ್ದೇ ಈ ಜರುಗಾಟ. ದೂರದ ದೋಣಿಗಳ ರೇಡಿಯೊದಲ್ಲಿ ಒಂದು ವಿಚಿತ್ರ ಇದೆ. ಕೇಳುವ ಜಾಗ ಚೂರು ತಪ್ಪಿದರೆ ದನಿ ಹೋಗುವುದಿಲ್ಲ, ಬದಲಾಗುತ್ತದೆ. ಅಂಕಿ ಚೂರು ಕೆಳಗೆ ಹೋದರೆ ಬಾತುಕೋಳಿ ಮಾತಾಡಿದ ಹಾಗೆ ಕೀಚಲು, ಚೂರು ಮೇಲೆ ಹೋದರೆ ಗುಡಾಣ. ಈ ಕಡ್ಡಿಗಳು ಬಿಸಿಯಾದರೆ ತಾವಾಗಿಯೇ ಜರುಗುತ್ತವೆ ಅಂತ ಕಾರ್ಯದರ್ಶಿ ಎಲ್ಲೋ ಓದಿದ್ದರು. ನಾನೂ ಅದನ್ನೇ ನಂಬಿದೆ. ಕಡ್ಡಿಯ ಬೆನ್ನಿಗೆ ಅಲ್ಯೂಮಿನಿಯಂ ತುಂಡು ಕಟ್ಟಿದೆ. ಕೆಳಗಿನಿಂದ ಐಸ್ ತಂದು ಡಬ್ಬಿಯಲ್ಲಿಟ್ಟು ಅದರ ಪಕ್ಕ ಇಟ್ಟೆ. ಬೇರೆ ಕಡ್ಡಿ ತರಿಸಿದೆ, ಜರುಗುವುದೇ ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿದ್ದದ್ದು. ಅದೂ ಜರುಗಿತು. ನನ್ನ ಪಾಳಿಯಲ್ಲಿ ಮಾತ್ರ ಯಾವ ಕಡ್ಡಿಯೂ ಅಲುಗಾಡುವುದಿಲ್ಲ.

“ನಿಮ್ಮ ಕಡ್ಡಿಗೆ ನನ್ನ ಮಾವನ್ನ ಕಂಡ್ರೆ ಆಗಲ್ಲ,” ಅಂದೆ ಕಾರ್ಯದರ್ಶಿಗೆ.

“ನಿಮಗೆ ಆಗಲ್ಲ ಅನ್ನಿ, ಕಡ್ಡಿ ಮೇಲೆ ಯಾಕೆ ಹಾಕ್ತೀರಿ?” ಅಂತ ಅವರು ನಕ್ಕರು. “ಬೆಳಿಗ್ಗೆ ತಂಪು, ಮಧ್ಯಾಹ್ನ ಬಿಸಿ. ಅಷ್ಟೇ ಇರ್ಬೇಕು. ಬೇರೆ ಕಂಪನಿದು ತರ್ಸೋಣ ಬಿಡಿ.”

ಹೀಗೆ ನಾವಿಬ್ಬರೂ ಯಂತ್ರದ ತಪ್ಪು ಹುಡುಕುತ್ತ ಕೂತಿದ್ದೆವು.

ಒಂದು ದಿನ ಮನೆಯಲ್ಲಿ ಗ್ಯಾಸ್ ಮುಗಿದು ಅಡುಗೆ ಅರ್ಧಕ್ಕೆ ನಿಂತಿತು. ಒಂದು ಪೊಟ್ಟಣ ಬ್ರೆಡ್ ಹಿಡಿದುಕೊಂಡು ಬೇಗನೆ ರೇಡಿಯೊ ಕೋಣೆಗೆ ಬಂದೆ. ಮಾವ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಹಾಜರಿ ನಡೆದಿತ್ತು. ಅವರು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಹಲ್ಲುನೋವು ಬಂದವರ ಹಾಗೆ ಮೈ ಹಿಂಡಿಕೊಂಡು ಮುಂದಕ್ಕೆ ಬಾಗಿದ್ದರು. ಆಮೇಲೆ ಕೈ ಮೌಸಿಗೆ ಹೋಯಿತು. ಗಾಲಿಯನ್ನು ಮೇಲಕ್ಕೆ ತಳ್ಳಿ ಅಂಕಿ ಏರಿಸಿದರು, ಇನ್ನೊಂದು ಚೂರು, ಇನ್ನೊಂದು ಚೂರು. ಅವರ ಹೆಗಲು ಸಡಿಲವಾಯಿತು. “ಹ್ಞಾಂ, ಈಗ ಹೇಳಪ್ಪ,” ಅಂದರು ಮೈಕಿಗೆ.

ನಾನು ಹಾಜರಿ ಮುಗಿಯುವವರೆಗೂ ಬಾಗಿಲಲ್ಲೇ ನಿಂತೆ. ಅವರು ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಸಿಕೊಂಡ ಕೂಡಲೇ ನನ್ನ ಬಾಯಿ ಬಿಚ್ಚಿಕೊಂಡಿತು.

“ಅಯ್ಯೋ ದೇವರೇ, ನೀವಾ ಮಾವ ಇದನ್ನ ಮಾಡ್ತಿರೋದು! ನಾನು ಐಸು ಇಟ್ಟೆ, ಕಡ್ಡಿ ಬದಲಾಯ್ಸಿದೆ, ಮಾಳಿಗೆ ಹತ್ತಿ ಇಳಿದು ಮಂಡಿ ಚಿಪ್ಪು ಹೋಯ್ತು. ಒಂದು ಮಾತು ಹೇಳೋಕೇನಾಗಿತ್ತು ನಿಮಗೆ?”

ಅವರು ತಿರುಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು. “ನಾನು ಮಾತಾಡ್ತಿರೋದು ನಿಮ್ಮ ಹತ್ರಾನೇ!” ಅಂತ ಕೂಗಿದೆ. ಇಲ್ಲ. ಒಂದು ಕೂದಲೂ ಅಲುಗಲಿಲ್ಲ. ಅಷ್ಟರಲ್ಲಿ ಕೆಳಗೆ ಕಂಪ್ರೆಸರ್ ನಿಂತಿತು. ಮಾವ ತಟಕ್ಕನೆ ತಲೆ ತಿರುಗಿಸಿದರು. “ಮೋಟರ್ ನಿಂತು ಹೋಯ್ತಲ್ಲ,” ಅಂದುಕೊಂಡವರು ನನ್ನನ್ನು ನೋಡಿ ಬೆಚ್ಚಿಬಿದ್ದರು. “ಯಾವಾಗಮ್ಮ ಬಂದೆ? ಸದ್ದೇ ಆಗ್ಲಿಲ್ಲ.”

ನನ್ನ ಸಿಟ್ಟು ಅಲ್ಲೇ ತಣ್ಣಗಾಯಿತು. ಗಡಗಡ ಅನ್ನುವ ದಪ್ಪ ಸದ್ದೆಲ್ಲ ಅವರಿಗೆ ಕೇಳುತ್ತದೆ. ನನ್ನ ದನಿ ಕೇಳುವುದಿಲ್ಲ. ದೋಣಿಯವರ ದನಿಯನ್ನು ಅವರು ತಮ್ಮ ಕಿವಿ ಎಲ್ಲಿ ಉಳಿದಿದೆಯೋ ಅಲ್ಲಿಗೆ ಇಳಿಸಿಕೊಂಡು ಕೇಳುತ್ತಿದ್ದರು. ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಇಷ್ಟು ದಿನ ಬಿಗುಮಾನ ಅಂತ ನಾನು ಶಾಪ ಹಾಕಿದ್ದು ಇದಕ್ಕೆ.

“ಈಗ ಬಂದೆ ಮಾವ,” ಅಂದೆ. ಬ್ರೆಡ್ಡಿನ ಪೊಟ್ಟಣ ಅವರ ಮುಂದಿಟ್ಟೆ.

ನನ್ನವರು ದಡಕ್ಕೆ ಬಂದ ಮೇಲೆ ಹಿತ್ತಲಲ್ಲಿ ಒದ್ದೆ ಬಟ್ಟೆ ಹರವುತ್ತ ವಿಷಯ ಎತ್ತಿದೆ. ಅವರು ಬಲೆಯ ಹರಿದ ಕಡೆ ಹೆಣೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಗೊತ್ತು,” ಅಂದರು.

“ಏನು ಗೊತ್ತು?”

“ಅಪ್ಪಂಗೆ ಕಿವಿ ಕೇಳಲ್ಲ ಅಂತ. ದೋಣಿಯವರಿಗೆಲ್ಲ ಗೊತ್ತು ಕಣೇ. ಬೆಳಿಗ್ಗೆ ಹೊತ್ತು ಅಪ್ಪ ಕೂತಿದ್ರೆ ನಾವೆಲ್ಲ ದನಿ ತಗ್ಗಿಸಿ, ನಿಧಾನಕ್ಕೆ ಮಾತಾಡ್ತೀವಿ. ಆ ದೊಡ್ಡಬಾಯಿ ಇದಾನಲ್ಲ, ಅವನಂತೂ ಎಮ್ಮೆ ಹಾಗೆ ಹೂಂಕರಿಸ್ತಾನೆ.” ಅವರು ನಗಲು ನೋಡಿದರು.

ದೊಡ್ಡಬಾಯಿ ಅಂದರೆ ಇವರ ಪಕ್ಕದ ದೋಣಿಯ ಚುಕ್ಕಾಣಿಯವನು, ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವನು. ನನಗೆ ನಗು ಬರಲಿಲ್ಲ. “ಅಂದ್ರೆ ಊರಿಗೆಲ್ಲ ಗೊತ್ತು, ಮಾಳಿಗೆ ಹತ್ತಿ ಸಾಯ್ತಿದ್ದ ನನಗೊಬ್ಬಳಿಗೇ ಗೊತ್ತಿಲ್ಲ! ಚೆನ್ನಾಗಿದೆ ರೀ, ಬಹಳ ಚೆನ್ನಾಗಿದೆ!”

“ನಿನಗೆ ಗೊತ್ತಾದ್ರೆ ನೀನು ಸುಮ್ಮನಿರ್ತಿದ್ಯಾ? ಮಾರನೇ ದಿನವೇ ಕಾರ್ಯದರ್ಶಿ ಕಿವಿಗೆ ಬೀಳ್ತಿತ್ತು. ಆ ಕುರ್ಚಿ ಬಿಡ್ಸಿದ್ರೆ ಅಪ್ಪ ಏನು ಮಾಡ್ತಾನೆ ಹೇಳು. ಮನೇಲಿ ಕೂತು ಗೋಡೆ ನೋಡ್ತಾನೆ.”

“ಹೌದು, ಹಾಜರಿಗೆ ದನಿ ತಗ್ಗಿಸ್ತೀರಿ. ಜೀವಭಯ ಬಂದಾಗ್ಲೂ ನೆನಪಿಟ್ಕೊಂಡು ತಗ್ಗಿಸ್ತೀರಾ? ಹೆದರಿದವನ ದನಿ ಮೇಲಕ್ಕೆ ಹೋಗುತ್ತೆ ರೀ. ಯಾರದ್ದಾದ್ರೂ ಅಷ್ಟೇ.”

ಅವರು ಬಲೆಯ ಗಂಟೊಂದನ್ನು ಹಲ್ಲಿನಿಂದ ಎಳೆದು ಬಿಗಿದರು. ಆಮೇಲೆ “ಈ ಋತು ಒಂದು ಮುಗೀಲಿ,” ಅಂದರು. “ದೋಣಿ ದಡಕ್ಕೆ ಎಳೆದ ಮೇಲೆ ನಾನೇ ಹೇಳ್ತೀನಿ ಅಪ್ಪಂಗೆ. ಅಲ್ಲೀವರೆಗೂ ಬಾಯಿ ಬಿಡ್ಬೇಡ. ನನ್ನಾಣೆ.”

ಆಣೆ ಹಾಕಿದ ಮೇಲೆ ಇನ್ನೇನು ಹೇಳುವುದು? ಜಗಳಕ್ಕೂ ಮೈಯಲ್ಲಿ ಕಸುವು ಬೇಕು. ಹೂಂ ಅಂದೆ. ಅಂದಿನಿಂದ ನನಗೆ ಎರಡು ಪಾಳಿ. ಬೆಳಿಗ್ಗೆ ಮನೆಗೆಲಸವನ್ನು ಹೇಗೋ ಅರೆಬರೆ ಮಾಡಿ, ತರಕಾರಿ ಹೆಚ್ಚುವುದನ್ನೂ ಬಟ್ಟೆ ಹೊಲಿಯುವುದನ್ನೂ ಹೊತ್ತುಕೊಂಡು ರೇಡಿಯೊ ಕೋಣೆಯ ಬೆಂಚಿನ ಮೇಲೆ ಬಂದು ಕೂರುವುದು. “ಮನೇಲಿ ಸೆಕೆ ಮಾವ” ಅಂತ ಒಂದು ಸುಳ್ಳು. ಪರದೆಯನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡು ಆ ನೀಲಿಯನ್ನು ನೋಡುತ್ತ ಇರುವುದು. ಕಣ್ಣಿನ ಸುತ್ತ ಕಪ್ಪಾಯಿತು, ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿ ಎದ್ದು ಮತ್ತೆ ನೋಡುತ್ತಿದ್ದೆ. ಮಾವ ಒಂದು ದಿನ “ಯಾಕಮ್ಮ, ಇಲ್ಲೇ ಠಿಕಾಣಿ ಹೂಡಿದೀಯ?” ಅಂದರು. ನಾನು ಕೇಳಿಸದವಳ ಹಾಗೆ ಸೂಜಿಗೆ ದಾರ ಪೋಣಿಸಿದೆ.

ಆದರೆ ದಿನವೂ ಆಗಲಿಲ್ಲ. ಮನೆ ಅಂದ ಮೇಲೆ ಹತ್ತು ಕೆಲಸ. ಆ ದಿನ ನೀರಿನ ಪೈಪು ಒಡೆದು ಅಡುಗೆಮನೆ ತುಂಬ ನೀರು ನಿಂತಿತ್ತು. ರಿಪೇರಿಯವನನ್ನು ಕಾದು, ನೀರು ಬಳಿದು ಹಾಕಿ, ಮೈಕೈ ಒದ್ದೆಯಲ್ಲೇ ಓಡಿ ಬರುವ ಹೊತ್ತಿಗೆ ನನ್ನ ಪಾಳಿಯೇ ಹತ್ತಿರ ಬಂದಿತ್ತು. ಬೆಳಗಿನಿಂದ ಗಾಳಿ ಎದ್ದಿತ್ತು. ಬಂದರಿನ ಗೋಡೆಗೆ ಅಲೆ ಹೊಡೆದು ಹಾರಿದ ನೀರು ಮೆಟ್ಟಿಲ ಮೇಲೆ ಬೀಳುತ್ತಿತ್ತು.

ಬಾಗಿಲು ತೆರೆದರೆ ಮಾವ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದರು. ಗಾಲಿ ತಿರುಗಿಸುತ್ತಿದ್ದರು, ಮೇಲಕ್ಕೆ, ಕೆಳಕ್ಕೆ. ನನ್ನನ್ನು ನೋಡಿ, “ಗಾಳಿಗೆ ಬರೀ ಗದ್ದಲ. ಯಾರೂ ಇಲ್ಲ,” ಅಂದರು.

ಪರದೆ ಕಿಟಕಿ ಕಡೆಗಿತ್ತು. ಹಿಡಿದು ತಿರುಗಿಸಿದೆ. ನೀಲಿಯ ನಡುವೆ ಹಳದಿ ಗೀರು. ಕೊಂಚ ಬಿಡುವು, ಮತ್ತೆ ಗೀರು. ಮೇಲಿನಿಂದ ಕೆಳಗಿನವರೆಗೆ, ಪರದೆಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೂ ಗೀರುಗಳು. ಮಾವ ಇಟ್ಟಿದ್ದ ಅಂಕಿಯಿಂದ ತುಸು ಪಕ್ಕಕ್ಕೆ ಸರಿದಿದ್ದವು. ಅವರ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡೆ. ಅದರೊಳಗಿನಿಂದ ಸೂಜಿಯಷ್ಟು ತೆಳ್ಳಗೆ, ಹಕ್ಕಿ ಚೀರಿದ ಹಾಗೆ ಒಂದು ಸದ್ದು. ಅಂಕಿಯನ್ನು ಸರಿಯಾದ ಜಾಗಕ್ಕೆ ಸರಿಸಿದೆ. ಚೀರಾಟ ಮಾತಾಯಿತು. ನನ್ನವರ ದನಿ.

“…ನೀರು ಒಳಗೆ ಬರ್ತಾ ಇದೆ, ಇಂಜಿನ್ ಮುಳುಗ್ತು, ದಡ, ಯಾರಾದ್ರೂ ಕೇಳ್ತಿದ್ರೆ…”

ಆಮೇಲೆ ನಾನು ಏನು ಮಾಡಿದೆ ಅನ್ನುವುದು ನನಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಗುಂಡಿ ಒತ್ತಿದ್ದು, ಎಲ್ಲ ದೋಣಿಗಳೂ ಒಟ್ಟಿಗೆ ಏನು ಏನು ಅಂದದ್ದು, ಜಾಗ ಕೇಳಿ ತಿಳಿದು ದೊಡ್ಡಬಾಯಿಗೆ ಹೇಳಿದ್ದು. “ಹೊರಟೆ ತಂಗೀ, ಹೊರಟೆ, ಅವನಿಗೆ ಹೇಳು ಬರ್ತಿದೀನಿ ಅಂತ,” ಅಂತ ಅವನು ಕಿವಿ ಹರಿಯುವ ಹಾಗೆ ಕೂಗಿದ್ದು. ಅದನ್ನೇ ನನ್ನವರಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಅವರ ಕಡೆಯಿಂದ ಉತ್ತರ ನಿಂತು ಹೋದ ಮೇಲೂ ಹೇಳುತ್ತಲೇ ಇದ್ದೆ. ಮಾವ ಗೋಡೆಗೆ ಒರಗಿ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೊನೆಗೆ ದೊಡ್ಡಬಾಯಿ, “ಎಲ್ಲ ಸಿಕ್ಕಿದ್ರು, ಎಲ್ಲರೂ ಇದಾರೆ,” ಅಂದಾಗ ನಾನು ಮೇಜಿನ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತೆ.

ದೋಣಿ ಮಾತ್ರ ಹೋಯಿತು. ಸ್ವಲ್ಪ ಮುಂಚೆ ಕೇಳಿದ್ದರೆ ಅದೂ ಉಳಿಯುತ್ತಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕಟ್ಟೆಯ ಮೇಲೆ ಬೇರೆಯವರ ಅಂಗಿ ಹಾಕಿಕೊಂಡು ನಡುಗುತ್ತ ಇಳಿದ ನನ್ನವರು ನನ್ನನ್ನು ಪಕ್ಕಕ್ಕೆ ಎಳೆದು ಮೊದಲು ಹೇಳಿದ್ದೇ ಬೇರೆ.

“ಸೆಟ್ ಕೆಟ್ಟಿತ್ತು ಅಂತೀನಿ. ಬ್ಯಾಟರಿಗೆ ನೀರು ಹೋಗಿ ಕೂಗಿದ್ದು ಆಚೆ ಹೋಗ್ಲೇ ಇಲ್ಲ ಅಂತ. ನಮ್ಮ ಹುಡುಗ್ರೆಲ್ಲ ಹಾಗೇ ಹೇಳ್ತಾರೆ. ನೀನೂ ಹಾಗೇ ಹೇಳು.”

“ರೀ, ಪರದೆ ತುಂಬ ಇತ್ತು ನಿಮ್ಮ ಕೂಗು.”

“ಇರ್ಲಿ ಬಿಡೇ. ಅಪ್ಪಂಗೆ ಅದು ಗೊತ್ತಾದ್ರೆ ಉಳಿಯಲ್ಲ ಅವನು.” ಅವರ ಹಲ್ಲು ಕಟಕಟ ಅನ್ನುತ್ತಿತ್ತು. “ನಾನು ಬಂದೆನಲ್ಲ, ಸಾಕು.”

ಕಾರ್ಯದರ್ಶಿಯೂ ಅದನ್ನೇ ನಂಬಿದರು. ದೋಣಿಗಳ ಬ್ಯಾಟರಿ ಎಲ್ಲ ಪರೀಕ್ಷೆ ಮಾಡಿಸಬೇಕು ಅಂದರು. ನಾನು ನನ್ನವರನ್ನು ಮನೆಗೆ ಕರೆದುಕೊಂಡು ಹೋಗಿ, ಬಿಸಿನೀರು ಸುರಿದು, ಹೊದಿಕೆಯ ಮೇಲೆ ಹೊದಿಕೆ ಹೊದೆಸಿ ಮಲಗಿಸಿ, ಮತ್ತೆ ಆ ಮೆಟ್ಟಿಲು ಹತ್ತಿದೆ. ಪಾಳಿ ನನ್ನದಲ್ಲವೇ. ಬೇರೆ ದೋಣಿಗಳು ಇನ್ನೂ ನೀರಿನ ಮೇಲಿದ್ದವು. ಮಾವ ಕುರ್ಚಿ ಬಿಟ್ಟು ಬೆಂಚಿನ ಮೇಲೆ ಕೂತಿದ್ದರು. ಸಂ‌ಜೆಯ ಬೆಳಕು ಅವರ ಮಂಡಿಯ ಮೇಲೆ ಬಿದ್ದಿತ್ತು. ಅಷ್ಟು ಹೊತ್ತು ಹೆಡ್‌ಫೋನ್ ಹಾಕಿ ಕೂತಿದ್ದ ಕಾರ್ಯದರ್ಶಿ ಅದನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು.

“ಬ್ಯಾಟರಿ ಅಂತಾರೆ,” ಅಂದರು.

“ಹ್ಞೂಂ ಮಾವ.”

“ನೀನು ಬಂದ ತಕ್ಷಣ ಹೇಗೆ ಕೇಳ್ತು?”

ನಾನು ಮುಖ ಆಚೆ ತಿರುಗಿಸಿದೆ. ನನ್ನ ತುಟಿ ಕಾಣದಿದ್ದರೆ ಅವರು ಮುಂದೆ ಕೇಳಲಾರರು ಅನ್ನುವ ಹೇಡಿ ಉಪಾಯ. ಅವರು ಎದ್ದು ಬಂದು ನನ್ನ ಎದುರಿಗೇ ನಿಂತರು.

“ಇದು ಎಲ್ಲವನ್ನೂ ಹಿಡಿದಿಟ್ಕೊಳ್ಳುತ್ತೆ ಅಂತ ಕಾರ್ಯದರ್ಶಿ ಹೇಳಿದ್ರು. ಹಾಕಮ್ಮ, ಕೇಳ್ತೀನಿ.”

ಹೌದು, ಹಿಡಿದಿಡುತ್ತದೆ. ಅದೂ ದನಿಯನ್ನಲ್ಲ, ಗಾಳಿಯಲ್ಲಿ ಏನಿತ್ತೋ ಅದನ್ನೇ ಇಡಿಯಾಗಿ. ಆಮೇಲೆ ಯಾವ ಕಡೆ ಬೇಕಾದರೂ ತಿರುಗಿಸಿ ಕೇಳಬಹುದು. ಅಳಿಸಿ ಹೋಗಿದೆ ಅನ್ನಬಹುದಿತ್ತು. ನನ್ನವರ ಆಣೆ ಇತ್ತು, ನಡುಗುವ ಹಲ್ಲಿನ ಮಾತು ಇತ್ತು. ಆದರೆ ನಾನು ಸುಳ್ಳು ಹೇಳಿದರೆ ನಾಳೆ ಬೆಳಿಗ್ಗೆ ಈ ಮನುಷ್ಯ ಮತ್ತೆ ಈ ಕುರ್ಚಿಯಲ್ಲಿ ಕೂರುತ್ತಾರೆ. ನಾಳೆ ಕೂಗುವವನು ಇನ್ಯಾರ ಗಂಡನೋ. ನಾನೆಷ್ಟು ದಿನ ಬೆಂಚಿನ ಮೇಲೆ ಕೂತು ಕಾಯಲಿ? ನನ್ನಲ್ಲಿ ಅಷ್ಟು ಜೀವ ಉಳಿದಿರಲಿಲ್ಲ.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಹಳದಿ ಗೀರುಗಳು ಶುರುವಾಗುವ ಜಾಗಕ್ಕೆ ಹಿಂದೆ ಹೋದೆ. ಸರಿಯಾದ ಅಂಕಿಗೆ ಇಟ್ಟೆ. ಮಾವ ತಲೆಯಾಡಿಸಿದರು, ಇಲ್ಲ. ಕೂದಲೆಳೆಯಷ್ಟು ಮೇಲಕ್ಕೆ ತಳ್ಳಿದೆ. ಇಲ್ಲ. ಇನ್ನೂ ಮೇಲಕ್ಕೆ. ಹೆಡ್‌ಫೋನಿನ ಸಂದಿಯಿಂದ ನನಗೆ ಕೇಳುತ್ತಿತ್ತು, ನನ್ನವರ ದನಿ ಇಳಿದು ಇಳಿದು ಯಾರೋ ಮುದುಕನ ದನಿಯಾಯಿತು, ಆಮೇಲೆ ಬಾವಿಯ ತಳದ ದನಿಯಾಯಿತು. ಅಷ್ಟು ಇಳಿದ ಮೇಲೆ ಮಾವನ ಕೈ ನನ್ನ ಕೈಯನ್ನು ಹಿಡಿದು ನಿಲ್ಲಿಸಿತು.

ದಡ ದಡ ಅಂತ ಕರೆದದ್ದು ಆಮೇಲೆ. ಮೊದಲು ಕರೆದದ್ದು ಹಾಗಲ್ಲ. “ಅಪ್ಪಾ,” ಅಂತ. “ಅಪ್ಪಾ, ಕೇಳ್ತಿದೀಯಾ? ಅಪ್ಪಾ, ನಾನು. ಅಪ್ಪಾ.” ಗೀರಿನ ಮೇಲೆ ಗೀರು, ಬರೀ ಅದೇ. ಕೂಗಿದ್ದು ಆಚೆ ಹೋಗಲೇ ಇಲ್ಲ ಅನ್ನು ಅಂತ ನನ್ನವರು ಯಾಕೆ ಬೇಡಿಕೊಂಡರು ಅನ್ನುವುದು ಆಗ ಗೊತ್ತಾಯಿತು.

ಮಾವ ಪೂರ್ತಿ ಕೇಳಿದರು. ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.

“ನನ್ನ ಕಿವಿ ವಿಷಯ ದೋಣಿಯವರಿಗೆಲ್ಲ ಗೊತ್ತಿತ್ತಾ?” ಅಂದರು.

“ಗೊತ್ತಿತ್ತು ಮಾವ. ನಿಮ್ಮ ಪಾಳೀಲಿ ಎಲ್ಲರೂ ದನಿ ತಗ್ಗಿಸಿ ಮಾತಾಡ್ತಿದ್ರು. ನಿಮಗೆ ನೋವಾಗ್ಬಾರ್ದು ಅಂತ.”

“ನಿನಗೆ?”

“ನನಗೂ. ಆಮೇಲೆ.”

ಅವರು ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದರು. ಸಂಜೆಯ ಹಾಜರಿಗೆ ಹೊತ್ತಾಗಿತ್ತು, ದೋಣಿಗಳೆಲ್ಲ ಸೆಟ್ಟಿನ ಮುಂದೆ ಇರುವ ಹೊತ್ತು. ಅವರು ಮೈಕ್ ಎಳೆದುಕೊಂಡರು. ನಾನು ತಡೆಯಲಿಲ್ಲ.

“ದಡದಿಂದ,” ಅಂದರು. ದನಿ ಎಂದಿನ ಹಾಗೇ ಗಟ್ಟಿಯಾಗಿತ್ತು. “ಎಲ್ಲರೂ ಕೇಳಿ. ನನಗೆ ಕಿವಿ ಕೇಳಲ್ಲ. ಇವತ್ತು ನನ್ನ ಮಗ ಕರೆದದ್ದು ನನಗೆ ಕೇಳ್ಲಿಲ್ಲ. ಸೆಟ್ ಕೆಟ್ಟಿರ್ಲಿಲ್ಲ. ನಾಳೆಯಿಂದ ನಾನು ಈ ಕುರ್ಚೀಲಿ ಇರಲ್ಲ. ನನ್ನ ಸೊಸೆ ಇರ್ತಾಳೆ, ಅವಳ ಜೊತೆ ಇನ್ನೊಬ್ಬರನ್ನ ಹಾಕಿ ಅಂತ ಕಾರ್ಯದರ್ಶಿಗೆ ಈಗ್ಲೇ ಹೋಗಿ ಹೇಳ್ತೀನಿ. ಇನ್ಮೇಲೆ ಯಾರೂ ದನಿ ತಗ್ಗಿಸ್ಬೇಡಿ. ಹೆದರಿಕೆ ಆದ್ರೆ ಜೋರಾಗೇ ಕೂಗಿ.”

ಅವರು ಮೈಕಿನ ಗುಂಡಿಯಿಂದ ಬೆರಳು ತೆಗೆದರು. ನಾನು ಕಾದೆ. ದೊಡ್ಡಬಾಯಿ ಕೂಡ ಬಾಯಿ ಬಿಡಲಿಲ್ಲ. ಪರದೆಯ ಮೇಲೆ ಬರೀ ನೀಲಿ ಜಾರುತ್ತಿತ್ತು. ಮಾವ ಅದರ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು.

“ಏನಂದ್ರು?”

“ಯಾರೂ ಏನೂ ಅಂದಿಲ್ಲ ಮಾವ.”

“ಹ್ಞೂಂ,” ಅಂದರು. “ಅದು ನನಗೂ ಕೇಳಿಸ್ತು.”